ನಾಕಾದಾಚೆಯ ಮನೆ

ನಮ್ಮ ಊರಿನಲ್ಲಿ ‘ಕರೆಂಟು ಹೋಯಿತು’ ಎಂದು ಯಾರೂ ಅನ್ನುವುದಿಲ್ಲ, ‘ಯಾರೋ ಹೋದರು’ ಎನ್ನುತ್ತಾರೆ. ಊರಿನ ಮೇರೆಯೊಳಗೆ ಒಂದು ಜೀವ ಹೋದರೆ ಸಾಕು, ಅದು ಮಹಡಿ ಮನೆಯವನದಾಗಲಿ, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಮಲಗಿದವನದಾಗಲಿ, ಊರಿಗೆ ಊರೇ ದೀಪ ಆರಿಬಿಡುತ್ತದೆ. ಬಾವಿಯಿಂದ ನಾಲ್ಕು ಕೊಡ ನೀರು ಸೇದುವಷ್ಟು ಹೊತ್ತು ಕತ್ತಲು, ಆಮೇಲೆ ತಾನಾಗಿ ಬರುತ್ತದೆ. ನರ್ಸಿಂಗ್ ಮುಗಿಸಿ ಈ ಊರಿಗೆ ಬಂದ ಹೊಸದರಲ್ಲಿ ಇದು ಯಾಕೆ ಹೀಗೆ ಎಂದು ಒಬ್ಬಿಬ್ಬರನ್ನು ಕೇಳಿದ್ದೆ. ‘ಮೊದಲಿಂದ ಹಂಗ ಐತ್ರಿ’ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಕೇಳುವುದನ್ನು ಬಿಟ್ಟೆ. ಯಂತ್ರದ ಪಟ್ಟೆ ನಿಂತ ಕೂಡಲೇ ಹಿಟ್ಟಿನ ಗಿರಣಿಯವನು ತಲೆಯ ಟೊಪ್ಪಿಗೆ ತೆಗೆಯುವುದು, ಟಾಕೀಸಿನಲ್ಲಿ ಸಿಳ್ಳೆ ಹೊಡೆಯುತ್ತಿದ್ದವರು ಕತ್ತಲಲ್ಲಿ ಗಪ್ಪಾಗಿ ಕೂರುವುದು, ದೀಪ ಬಂದೊಡನೆ ‘ಯಾವ ಓಣಿ?’ ಎಂದು ಒಬ್ಬರನ್ನೊಬ್ಬರು ಕೇಳುವುದು, ಇವೆಲ್ಲ ನೋಡಿ ನೋಡಿ ನನಗೂ ರೂಢಿಯಾದವು. ಹೋದವರು ಯಾರೆಂದು ತಿಳಿಯುವ ಮೊದಲೇ ಊರು ಅವರಿಗಾಗಿ ಒಂದು ಗಳಿಗೆ ಸುಮ್ಮನಿರುತ್ತಿತ್ತು. ಸತ್ತವರಿಗೆ ಅಷ್ಟು ಮರ್ಯಾದೆ ನಾನು ಬೇರೆಲ್ಲೂ ಕಂಡಿಲ್ಲ.

ಆದರೆ ಆಸ್ಪತ್ರೆಗೆ ಅದು ಮರ್ಯಾದೆಯ ಮಾತಲ್ಲ, ಪ್ರಾಣದ ಮಾತು. ನಾನು ಎಸ್ತರ್, ಅಲ್ಲಿಯ ಐಸಿಯುನಲ್ಲಿ ಹಿರಿಯ ಸಿಸ್ಟರ್. ನಮ್ಮಲ್ಲಿ ಮಷಿನ್ನಿನ ಮೇಲೆ ಉಸಿರಾಡುವವರು ಯಾವಾಗಲೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಊರಲ್ಲಿ ಒಬ್ಬರು ಹೋದರೆ ಅವರ ಹಿಂದೆ ಇವರೂ ಹೋಗಬಾರದಲ್ಲ? ಕರೆಂಟು ಹೋದ ಕ್ಷಣಕ್ಕೆ ಬ್ಯಾಟರಿಗಳು ಹಿಡಿಯಬೇಕು. ಬ್ಯಾಟರಿ ಸೋಲುವುದರೊಳಗೆ ಹಿಂದಿನ ಅಂಗಳದ ಜನರೇಟರ್ ಎದ್ದು ಭಾರ ಹೊರಬೇಕು. ಇದನ್ನೆಲ್ಲ ನೋಡಿಕೊಳ್ಳುತ್ತಿದ್ದವನು ವಿರುಪಾಕ್ಷಿ ಹಡಪದ. ಡಿಪ್ಲೊಮಾ ಓದಿದವನು, ಆಸ್ಪತ್ರೆಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಅವನೇ ಮುಖ್ಯಸ್ಥ, ನನಗಿಂತ ಹತ್ತು ವರ್ಷ ಚಿಕ್ಕವನು. ಬಾಯಿ ಬಹಳ ಜೋರು. ಮಷಿನ್ನಿಗೆಂದೇ ಮೀಸಲಿಟ್ಟ ಕೆಂಪು ಪ್ಲಗ್ಗಿಗೆ ಯಾರಾದರೂ ಮೊಬೈಲ್ ಚಾರ್ಜರ್ ಚುಚ್ಚಿದರೆ ವಾರ್ಡೇ ನಡುಗುವ ಹಾಗೆ ಕೂಗಾಡುತ್ತಿದ್ದ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ, ತಂತಿ ನೆಲಕ್ಕಿಳಿಯುವ ಅರ್ಥಿಂಗ್ ಗುಂಡಿಗೆ ಕೊಡಗಟ್ಟಲೆ ನೀರು ಹೊಯ್ಯುತ್ತಿದ್ದ. ‘ಅಲ್ಲೇನು ಬೆಳೀತೈತ್ರಿ ಸಾಹೇಬ್ರ?’ ಎಂದು ರೋಗಿಗಳ ಕಡೆಯವರು ಚೇಷ್ಟೆ ಮಾಡಿದರೆ ‘ನಿಮ್ಮ ಆಯುಷ್ಯ’ ಎನ್ನುತ್ತಿದ್ದ.

ಅವನದೊಂದು ದೋಷವಿತ್ತು. ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ದನಿ. ಒಮ್ಮೆ ಬ್ಯಾಟರಿ ಸತ್ತುಹೋಗಿವೆ ಎಂದು ಆಸ್ಪತ್ರೆಯನ್ನೆಲ್ಲ ಎಬ್ಬಿಸಿದ. ನೋಡಿದರೆ ಕಸ ಗುಡಿಸುವಾಕೆ ಪ್ಲಗ್ ಕಿತ್ತಿಟ್ಟಿದ್ದಳು. ಹಾಗಾಗಿ ನಿಜವಾಗಿಯೂ ಬ್ಯಾಟರಿಗಳಿಗೆ ಮುಪ್ಪು ಬಂದಾಗ ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಬಿದ್ದದ್ದು ಸೂಪರಿಂಟೆಂಡೆಂಟ್ ಡಾಕ್ಟರ್ ಸಬನೀಸರ ಕಿವಿಗೆ ಮಾತ್ರ. ಅವರು ಕೆಟ್ಟವರಲ್ಲ. ಹೊಸ ಬ್ಯಾಟರಿಗೆ ಬರೆದರು, ಕಾದರು, ಮತ್ತೆ ಬರೆದರು. ಕೊನೆಗೆ ಒಂದು ಮಧ್ಯಾಹ್ನ ನಮ್ಮನ್ನು ಕರೆದು ಹೇಳಿದರು: ‘ನೋಡ್ರಿ, ಬ್ಯಾಟರಿ ಬರೂತನಕ ಒಂದು ಉಪಾಯ ಮಾಡೋಣ. ಇನ್ನೇನೂ ಮಾಡೂ ಹಾಂಗಿಲ್ಲ ಅನ್ನೋ ಪೇಶೆಂಟನ್ನ ನಾಕಾದ ಆಚೆ ಒಯ್ದು ಇಡೋಣ. ಹೋಗೋರು ಹ್ಯಾಂಗೂ ಹೋಗ್ತಾರ. ಇರೋರು ಉಳೀಲಿ.’

ಊರ ಹೆದ್ದಾರಿಯ ತುದಿಯ ಹಳೆಯ ಸುಂಕದ ನಾಕಾವೇ ನಮ್ಮ ಊರಿನ ಮೇರೆ. ಅದನ್ನು ದಾಟಿ ಸತ್ತರೆ ಊರಿನ ದೀಪ ಆರುವುದಿಲ್ಲ. ಆಚೆ ಲಾರಿಯವರು ಉಳಿಯುತ್ತಿದ್ದ ಹಳೆಯ ಹೆಂಚಿನ ಕಟ್ಟಡವೊಂದಿತ್ತು. ಅದಕ್ಕೆ ಸುಣ್ಣ ಬಳಿದು ಮಂಚ ಹಾಕಿಸಿದರು. ಕರೆಂಟು ಮಾತ್ರ ಕೊಡಲಿಲ್ಲ. ಊರಿನ ತಂತಿ ಎಳೆದರೆ ಅದೂ ಊರೇ ಆಗಿಬಿಟ್ಟೀತು ಎಂಬ ಹೆದರಿಕೆ. ಕಂದೀಲು ಇಟ್ಟರು. ಜನ ಅದನ್ನು ಆಚೆಮನೆ ಎಂದರು.

ವಿರುಪಾಕ್ಷಿ ಅಂದೇ ಎದ್ದು ನಿಂತು, ‘ಇದು ತಪ್ಪರೀ. ನನ್ನ ಮಷಿನ್ ಸರಿ ಮಾಡ್ಲಿಕ್ಕೆ ಆಗದ್ದಕ್ಕ ಮಂದೀನ ಹೊರಗ ಹಾಕ್ತೀರೇನ್ರಿ?’ ಎಂದ. ಡಾಕ್ಟರು, ‘ಬರೇ ಬ್ಯಾಟರಿ ಬರೂತನಕ, ಹಡಪದ’ ಎಂದರು. ಆಗ ನನಗೂ ಡಾಕ್ಟರ ಮಾತೇ ಸರಿ ಅನ್ನಿಸಿತ್ತು.

ಮೊದಮೊದಲು ಮನೆಯವರು ಅಳುತ್ತಿದ್ದರು, ಕಾಲು ಹಿಡಿಯುತ್ತಿದ್ದರು. ಆಮೇಲೆ ಒಂದು ಮದುವೆ ಹಂಗಾಮು ಬಂತು. ಆ ಸಲ ಒಂದು ಮದುವೆಯಲ್ಲೂ ಧಾರೆಯ ಹೊತ್ತಿಗೆ ಕತ್ತಲಾಗಲಿಲ್ಲ. ಮಗ್ಗದವರಿಗೆ ಎಳೆ ಕಡಿಯಲಿಲ್ಲ, ಐಸ್ ಫ್ಯಾಕ್ಟರಿಯಲ್ಲಿ ಐಸು ಕರಗಲಿಲ್ಲ. ಊರಿಗೆ ರುಚಿ ಹತ್ತಿತು. ಮನೆಯಲ್ಲಿ ಮಲಗಿದ್ದ ಮುದುಕ ಮುದುಕಿಯರನ್ನೂ ಒಯ್ಯುವುದು ಶುರುವಾಯಿತು. ವರ್ತಕರೆಲ್ಲ ಸೇರಿ ಒಂದು ಬಿಳಿ ವ್ಯಾನ್ ಕೊಡಿಸಿದರು. ನೆರೆಯವರು ಬಂದು, ‘ಮಾಮಾರಿಗೆ ಹ್ಯಾಂಗ ಐತ್ರಿ? ವ್ಯಾನಿಗೆ ಹೇಳಲೇನು?’ ಎಂದು ಒಳ್ಳೆಯ ಮಾತಿನಲ್ಲೇ ಕೇಳುವುದು ರೂಢಿಯಾಯಿತು. ನಾಕಾದಲ್ಲಿ ಒಬ್ಬ ಕಾವಲುಗಾರ ಬಂದ. ತಿಂಗಳುಗಟ್ಟಲೆ ಊರಲ್ಲಿ ಯಾರೂ ಸಾಯಲಿಲ್ಲ. ಸತ್ತದ್ದು ಯಾರಿಗೂ ಗೊತ್ತಾಗಲಿಲ್ಲ ಎನ್ನುವುದು ಸರಿ.

ಅಷ್ಟರಲ್ಲಿ ಬ್ಯಾಟರಿಗಳು ಬಂದವು. ಲಾರಿ ಆಸ್ಪತ್ರೆಯ ಗೇಟಿನವರೆಗೂ ಬಂದಿತ್ತು. ವಿರುಪಾಕ್ಷಿ ಹಣೆಗೆ ಕುಂಕುಮ ಇಟ್ಟುಕೊಂಡು, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಪುರಸಭೆಯಿಂದ ಫೋನ್ ಬಂತು. ಈಗ ಊರಲ್ಲಿ ಕರೆಂಟೇ ಹೋಗುವುದಿಲ್ಲ, ಆಸ್ಪತ್ರೆಗೇನು ಅವಸರ, ಹೊಸ ಕಲ್ಯಾಣಮಂಟಪದ ಧ್ವನಿವರ್ಧಕಕ್ಕೆ ಬೇಕು ಎಂದರು. ಲಾರಿ ತಿರುಗಿತು. ಅವನು ಆ ಕಾಯಿಯನ್ನು ಅಲ್ಲೇ ಗೇಟಿಗೆ ಒಗೆದ. ಮುಂದೆ ಪ್ರತಿ ಸೋಮವಾರ ನಡೆಯುತ್ತಿದ್ದ ಜನರೇಟರ್ ಪರೀಕ್ಷೆಯೂ ನಿಂತಿತು, ಡೀಸೆಲ್ ದಂಡ ಎಂದು. ಓಡದ ಯಂತ್ರ ಕುಂತಲ್ಲೇ ಕೆಡುತ್ತದೆ. ಟ್ಯಾಂಕಿನ ತಳದಲ್ಲಿ ಗಸಿ ಕಟ್ಟಿತು, ಜನರೇಟರನ್ನು ಎಬ್ಬಿಸುವ ಸಣ್ಣ ಬ್ಯಾಟರಿಯ ತುದಿಗಳಲ್ಲಿ ಹಸಿರು ಪಾಚಿಯಂಥದ್ದು ಬೆಳೆಯಿತು. ‘ಬಾಯಿ ಒಣಗಿಸ್ಕೊಂಡು ಸಾಕಾತು ಅಕ್ಕಾ,’ ಎಂದು ಒಂದು ದಿನ ನನ್ನ ಮುಂದೆ ಕೂತ. ‘ಈ ಊರು ಸಾವು ಗೆದ್ದೀನಿ ಅಂತ ತಿಳಕೊಂಡೈತಿ. ಯಾವನರೆ ರಸ್ತೇದಾಗ ಎದಿ ಹಿಡ್ಕೊಂಡು ಬಿದ್ದ ಅಂದ್ರ ವ್ಯಾನ್ ಕಾಯ್ತಾನೇನು ಅಂವ?’

ಎದೆ ಹಿಡಿದುಕೊಂಡು ಬೀಳುವ ಆ ಒಬ್ಬನಿಗಾಗಿ ಅವನು ಹೆದರುತ್ತಿದ್ದ. ಬಂದದ್ದು ಅವನ ತಾಯಿಯ ಸರದಿ.

ದ್ಯಾಮವ್ವ ಸೂಲಗಿತ್ತಿಯಾಗಿದ್ದವಳು. ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಆಗುವ ಮೊದಲು ಈ ಊರಿನ ಅರ್ಧ ಜನರನ್ನು ಲೋಕಕ್ಕೆ ತಂದ ಕೈ ಅವಳದು. ಆಗ ಹಾಸಿಗೆ ಹಿಡಿದಿದ್ದಳು. ಅನ್ನ ಬಿಟ್ಟಳು, ನೀರು ಕಡಿಮೆಯಾಯಿತು. ನಾನು ದಿನಾ ಡ್ಯೂಟಿ ಮುಗಿಸಿ ಹೋಗಿ ನಾಡಿ ನೋಡಿ ಬರುತ್ತಿದ್ದೆ. ನೆರೆಯವರು ಬಂದು ವ್ಯಾನಿನ ಮಾತೆತ್ತಿದಾಗ ಅವಳು ಕಣ್ಣು ಮುಚ್ಚಿಕೊಂಡೇ, ‘ನಿಮ್ಮನ್ನೆಲ್ಲ ಮನಿಯಾಗ ಹಡಿಸೀನಿ, ನಾನೂ ಮನಿಯಾಗ ಸಾಯ್ತೀನಿ’ ಎಂದಳು. ಅವರು ಎದ್ದು ಹೋದರು. ಮಗನನ್ನು ಹತ್ತಿರ ಕರೆದಳು.

‘ಸಾಯೂದು ನನ್ನ ಕೆಲಸ, ದೀಪ ಕಾಯೂದು ನಿನ್ನ ಕೆಲಸ. ನನ್ನ ಕೆಲಸ ನಾ ಮಾಡ್ತೀನಿ, ನಿಂದು ನೀ ಮಾಡು.’

ಅವನು ನೇರ ಡಾಕ್ಟರ್ ಸಬನೀಸರ ಕೋಣೆಗೆ ಹೋದ. ನಾನೂ ಜೊತೆಗಿದ್ದೆ. ‘ಸಾಹೇಬ್ರ, ನಮ್ಮವ್ವ ಇವತ್ತು ನಾಳೆ ಅನ್ನೂಹಂಗ ಅದಾಳ. ಆಕೀನ ನಾ ಹೊರಗ ಒಯ್ಯೂದಿಲ್ಲ. ಕರೆಂಟ್ ಹೋಗೂದು ಖರೆ. ಈಗರ ತಯಾರಿ ಮಾಡ್ಕೊಳ್ಳೋಣ. ನನಗ ಡೀಸೆಲ್ ಕೊಡಸ್ರಿ, ಮಷಿನ್ ಮ್ಯಾಲಿನ ಒಬ್ಬೊಬ್ಬ ಪೇಶೆಂಟಿಗೆ ಒಬ್ಬೊಬ್ಬರನ್ನ ನಿಲ್ಲಸ್ರಿ.’

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. ‘ಹಡಪದ, ನಾ ತಯಾರಿ ಮಾಡಿದೆ ಅಂದ್ರ ಒಪ್ಪಿಗಿ ಕೊಟ್ಟಾಂಗ ಆಗ್ತದ. ನಾಳೆ ಎಲ್ಲಾರೂ ಇದನ್ನ ಕೇಳ್ತಾರ. ನಿಮ್ಮ ತಾಯಿನ್ನ ಕಳಸ್ರಿ. ನಾನೇ ಬಂದು ಜೋಡಿ ಕೂಡ್ತೀನಿ ಬೇಕಾದ್ರ.’

ವ್ಯಾನ್ ವಿರುಪಾಕ್ಷಿಯ ಮನೆಯ ಮುಂದೆ ಹೋಗಿ ನಿಂತಿತು. ಅವನು ಹೊಸ್ತಿಲಿಗೆ ಅಡ್ಡ ಕೂತ. ವ್ಯಾನ್ ಬರಿದೇ ತಿರುಗಿ ಬಂತು. ಅವನು ಅಲ್ಲಿಂದ ಲಾರಿ ಡ್ರೈವರ್ ಒಬ್ಬನ ಹತ್ತಿರ ಹೋಗಿ ಬೇಡಿ ಜನರೇಟರ್ ಎಬ್ಬಿಸಲು ಒಂದು ಬ್ಯಾಟರಿ ತಂದ, ಕೊಡದಲ್ಲಿ ಡೀಸೆಲ್ ಹೊತ್ತು ತಂದ, ಟ್ಯಾಂಕಿನ ಗಸಿ ತೆಗೆದ. ನಾನು ಮಷಿನ್ನಿನ ಮೇಲಿದ್ದ ಮೂವರ ತಲೆಯ ಹತ್ತಿರವೂ ಕೈಯಿಂದ ಉಸಿರು ಕೊಡುವ ರಬ್ಬರ್ ಚೀಲ ತಂದಿಟ್ಟೆ. ನನ್ನ ಜೊತೆ ಆ ಪಾಳಿಯಲ್ಲಿ ಇದ್ದವಳು ಸುಜಾತಾ ಒಬ್ಬಳೇ. ಮೂವರು ರೋಗಿಗಳು, ನಾವಿಬ್ಬರು.

ಆ ಮೂವರಲ್ಲಿ ಮೌಲಾಲಿ ಎಂಬ ಹುಡುಗನೊಬ್ಬ. ಇಟ್ಟಿಗೆ ಭಟ್ಟಿಯಲ್ಲಿ ಹಾವು ಕಚ್ಚಿ ಮೈ ಸೋತು ಬಂದಿದ್ದ. ಅಂಥವರಿಗೆ ವಿಷ ಇಳಿಯುವವರೆಗೆ ಉಸಿರೊಂದನ್ನು ನಡೆಸಿಕೊಟ್ಟರೆ ಎದ್ದು ಮನೆಗೆ ನಡೆದುಕೊಂಡೇ ಹೋಗುತ್ತಾರೆ. ಆ ಬೆಳಿಗ್ಗೆ ಅವನು ನನ್ನ ಬೆರಳು ಹಿಡಿದು ಒತ್ತಿದ್ದ. ಅವನ ತಾಯಿ ಜೈತುನಬಿಗೆ ಅದನ್ನು ಹೇಳಿದಾಗ ಆಕೆ ನನ್ನ ಎರಡೂ ಕೈಗಳನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮಧ್ಯಾಹ್ನ ಊಟದ ಹೊತ್ತು. ವಿರುಪಾಕ್ಷಿ ತಾಯಿಯ ಬಾಯಿಗೆ ನೀರು ಬಿಟ್ಟು, ಹೆಂಡತಿಯನ್ನು ಹತ್ತಿರ ಕೂಡಿಸಿ ಆಸ್ಪತ್ರೆಗೆ ಬಂದ. ದಾರಿಯಲ್ಲಿ ನನ್ನ ವಾರ್ಡಿನ ಬಾಗಿಲಲ್ಲಿ ಮುಖ ತೋರಿಸಿದ. ‘ಉಸುರು ಮ್ಯಾಲ ಹತ್ತೈತಿ ಅಕ್ಕಾ. ನಾ ಜನರೇಟರ್ ಕಡೆ ಇರ್ತೀನಿ.’

‘ಅವ್ವನ ಕಡೆ ಇರಬಾರದೇನೋ ತಮ್ಮಾ?’ ಎಂದೆ.

‘ಅಲ್ಲಿ ನನ್ನ ಹೇಣ್ತಿ ಅದಾಳ. ಇಲ್ಲಿ ಯಾರದಾರ?’ ಎಂದು ಹೋದ.

ಜನರೇಟರ್ ಕೋಣೆಯಲ್ಲಿ ತಲೆಯ ಮೇಲೊಂದು ಬಲ್ಬ್ ಇತ್ತಂತೆ. ಅದನ್ನೇ ನೋಡುತ್ತ ಕೂತಿದ್ದನಂತೆ. ಬಲ್ಬ್ ಆರಿತು. ಹೆತ್ತ ತಾಯಿ ಹೋದದ್ದು ಅವನಿಗೆ ತಿಳಿದದ್ದು ಹಾಗೆ. ಆಮೇಲೊಂದು ದಿನ, ‘ಅಳಾಕ ಹೊತ್ತಿರಲಿಲ್ಲ ಅಕ್ಕಾ’ ಎಂದನಷ್ಟೇ.

ನಮ್ಮ ವಾರ್ಡು ಕಿಟಕಿಯಿಲ್ಲದ ಒಳಕೋಣೆ. ಹಳೆಯ ಬ್ಯಾಟರಿಗಳು ಒಂದು ಸಲ ತೇಕಿ ಸತ್ತವು. ಮಷಿನ್ನುಗಳು ಕಿರುಚಿದವು, ಆ ಕಿರುಚಾಟವೂ ನಿಂತಿತು. ಸುಜಾತಾ ಒಬ್ಬರ ಚೀಲ ಹಿಡಿದಳು. ನಾನು ಮೌಲಾಲಿಗೂ ಪಕ್ಕದ ಹಾಸಿಗೆಯ ಹೆಣ್ಣುಮಗಳಿಗೂ ನಡುವೆ ನಿಂತು ಆಚೆಗೊಮ್ಮೆ ಈಚೆಗೊಮ್ಮೆ ಒತ್ತುತ್ತಿದ್ದೆ. ಹೊರಗಿದ್ದವರನ್ನು ಕೂಗಿದೆ, ಯಾರೂ ಬರಲಿಲ್ಲ. ಡಾಕ್ಟರರೆಲ್ಲ ಆಪರೇಷನ್ ಥಿಯೇಟರಿನಲ್ಲಿ ತಮ್ಮ ಕತ್ತಲೆಯಲ್ಲಿ ಸಿಕ್ಕಿಬಿದ್ದಿದ್ದರು. ಅಂಗಳದಲ್ಲಿ ಜನರೇಟರ್ ಕೆಮ್ಮುವುದು ಕೇಳುತ್ತಿತ್ತು. ಕೆಮ್ಮಿತು, ನಿಂತಿತು, ಮತ್ತೆ ಕೆಮ್ಮಿ ಹಿಡಿಯಿತು. ಆದರೆ ದೀಪ ಬರಲಿಲ್ಲ. ಊರಿನ ಕರೆಂಟಿನಿಂದ ಜನರೇಟರಿಗೆ ತಾನಾಗಿ ಬದಲಾಗಬೇಕಾದ ಸ್ವಿಚ್ಚು ಜಂಗು ಹಿಡಿದು ಕೂತಿತ್ತು. ವಿರುಪಾಕ್ಷಿ ಅದರ ಹಿಡಿಕೆಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಮೈಯೆಲ್ಲ ಹಾಕಿ ಎಳೆದ. ಬೆಳಕು ಬಂತು. ಆ ಬೆಳಕಿನಲ್ಲಿ ನೋಡಿದರೆ ಮೌಲಾಲಿಯ ಗಂಟಲಿನ ಕೊಳವೆ ಕತ್ತಲಲ್ಲಿ ಯಾವಾಗಲೋ ಜಾರಿತ್ತು. ನಾನು ಒತ್ತಿದ ಗಾಳಿ ಅವನಿಗೆ ತಲುಪಿರಲೇ ಇಲ್ಲ.

ಊರಿನಲ್ಲಿ ಕರೆಂಟು ಆಗಷ್ಟೇ ಬಂದಿತ್ತು, ಮತ್ತೆ ಹೋಯಿತು. ಎಷ್ಟೋ ಕಾಲದ ಮೇಲೆ ಕರೆಂಟು ಹೋದದ್ದು ಕಂಡ ಊರು, ‘ಇಬ್ಬರು!’ ಎಂದು ಬೀದಿಗೆ ಬಂದಿತು.

ವಿರುಪಾಕ್ಷಿ ಕೈತುಂಬ ಡೀಸೆಲ್ ಮೆತ್ತಿಕೊಂಡು ಓಡಿ ಬಂದ. ತಾಯಿಯ ಮಾತು ಎತ್ತಲಿಲ್ಲ. ‘ಮೂರೂ ಮಂದಿ ಅದಾರಲ್ಲ ಅಕ್ಕಾ?’ ಎಂದ. ನಾನು ಇಲ್ಲವೆಂದು ಮೌಲಾಲಿಯ ಕಡೆ ತೋರಿಸಿದೆ.

ದ್ಯಾಮವ್ವನ ಹೆಣ ಎತ್ತಲು ಯಾರೂ ಬರಲಿಲ್ಲ. ಅವಳ ಕೈಯಲ್ಲಿ ಹುಟ್ಟಿದವರು ಬಾಗಿಲು ಹಾಕಿಕೊಂಡರು. ಕಡೆಗೆ ಬ್ಯಾಟರಿ ಕೊಟ್ಟಿದ್ದ ಆ ಲಾರಿ ಡ್ರೈವರ್, ಅವನ ಕ್ಲೀನರ್, ವಿರುಪಾಕ್ಷಿ, ಅವನ ಹೆಂಡತಿ ನಾಲ್ವರೇ ಹೊತ್ತರು. ನಾನು ಮುಂದೆ ನಡೆದೆ. ‘ಒಂದು ಮುದುಕಿ ಸಲುವಾಗಿ ಹರೇದ ಹುಡುಗನ್ನ ತಿಂದ’ ಎಂದು ಹಿಂದಿನಿಂದ ಯಾರೋ ಕೂಗಿದರು. ಬ್ಯಾಟರಿಯ ಮಾತನ್ನು, ತಿರುಗಿ ಹೋದ ಲಾರಿಯ ಮಾತನ್ನು ಊರಲ್ಲಿ ಯಾರೂ ಆಡಲಿಲ್ಲ. ಆಡಿದ್ದರೆ ಕಲ್ಯಾಣಮಂಟಪದಲ್ಲಿ ಉಂಡವರೆಲ್ಲ ಉತ್ತರ ಕೊಡಬೇಕಾಗುತ್ತಿತ್ತು.

ಜೈತುನಬಿ ವಿರುಪಾಕ್ಷಿಯ ಮನೆಗೆ ಬಂದಾಗ ನಾನು ಅಲ್ಲೇ ಇದ್ದೆ. ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹೊಸ್ತಿಲ ಹೊರಗೆ ನಿಂತು ಮೆತ್ತಗೆ ಕೇಳಿದಳು. ‘ಸಾಹೇಬ್ರ, ನಿಮ್ಮವ್ವಗ ತುಂಬಿದ ವಯಸ್ಸು. ಇಲ್ಲೆ ಸತ್ರೇನು, ಅಲ್ಲೆ ಸತ್ರೇನು? ನನ್ನ ಮಗ ನಾಕು ದಿನಕ್ಕ ಮನಿಗೆ ಬರಾಂವಿದ್ದ. ನೀವು ಆಕೀನ ಒಯ್ದಿದ್ರ ನಿಮ್ಮದೇನು ಹೋಗತಿತ್ರಿ?’

‘ಬ್ಯಾಟರಿ ಇದ್ದಿದ್ದರೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿಯುತ್ತಿದ್ದರು’ ಎಂದು ನಾನು ಹೇಳಹೊರಟೆ. ಜೈತುನಬಿ ನನ್ನ ಕಡೆ ನೋಡಲೂ ಇಲ್ಲ. ಮಗನನ್ನು ಕಳೆದುಕೊಂಡವಳಿಗೆ ಬ್ಯಾಟರಿ ಎಂದರೆ ಏನು ಅರ್ಥ? ಅವಳು ಸೆರಗು ಎಳೆದುಕೊಂಡು ಹೋದಳು. ಇಷ್ಟು ಜನರ ಮೇಲೆ ಕೂಗಾಡಿದ ವಿರುಪಾಕ್ಷಿಯ ದನಿಯೇ ಆ ದಿನದಿಂದ ಇಳಿದುಹೋಯಿತು.

ವಿಚಾರಣೆ ನಡೆಯಿತು. ಮುದುಕಿಯನ್ನು ಮೇರೆಯೊಳಗೆ ಸಾಯಲು ಬಿಟ್ಟದ್ದೇ ಹುಡುಗನ ಸಾವಿಗೆ ಕಾರಣ ಎಂದು ತೀರ್ಮಾನವಾಯಿತು. ಡಾಕ್ಟರ್ ಸಬನೀಸರು ಬ್ಯಾಟರಿಯ ಬಗ್ಗೆ ಒಂದು ಮಾತು ಎತ್ತಿದರಂತೆ, ಅವರಿಗೆ ವರ್ಗವಾಯಿತು. ಆಸ್ಪತ್ರೆಗೆ ಹೊಸ ಬ್ಯಾಟರಿ ಬರಲಿಲ್ಲ, ಎರಡನೆಯ ವ್ಯಾನ್ ಬಂತು. ವಿರುಪಾಕ್ಷಿಯನ್ನು ಯಾರೂ ತೆಗೆಯಲಿಲ್ಲ. ತಾನೇ ಬೀಗದ ಕೈ ಮೇಜಿನ ಮೇಲಿಟ್ಟು ಎದ್ದ. ಹೆಂಡತಿಯನ್ನು ಕರೆದುಕೊಂಡು ಆಚೆಮನೆಗೆ ಹೋಗಿ ಅದರ ಹಿಂಭಾಗದಲ್ಲಿ ಬಿಡಾರ ಹೂಡಿದ. ವ್ಯಾನಿನವರು ಅಲ್ಲಿ ಜನರನ್ನು ಮಂಚದ ಮೇಲೆ ಬಿಟ್ಟು ಬರುತ್ತಿದ್ದರು. ನೀರು ಕೇಳಿದರೆ ಕೊಡುವವರಿರಲಿಲ್ಲ. ಈಗ ಅವನು ನೀರು ಕೊಡುತ್ತಾನೆ, ಮೈ ಒರೆಸುತ್ತಾನೆ, ಕೈ ಹಿಡಿದು ಕೂರುತ್ತಾನೆ.

ಊರಿಗೆ ಇದರಿಂದ ಎಷ್ಟು ನೆಮ್ಮದಿಯಾಯಿತೆಂದರೆ ಹೇಳಲಾರೆ. ಅವನ ಮೇಲಿನ ಸಿಟ್ಟು ಇಳಿಯಿತು. ‘ಪಾಪ, ಮಾಡಿದ್ದಕ್ಕ ಪ್ರಾಯಶ್ಚಿತ್ತ ಮಾಡಾಕತ್ತಾನ’ ಎಂದರು. ಬೆಲ್ಲ ಅಕ್ಕಿ ಕಳಿಸಿದರು. ಆಮೇಲೆ ಜನರನ್ನು ಬೇಗ ಬೇಗ ಕಳಿಸತೊಡಗಿದರು. ಮೊದಲು ಉಸಿರು ಮೇಲೆ ಹತ್ತುವವರೆಗೆ ಕಾಯುತ್ತಿದ್ದವರು ಈಗ ಜ್ವರ ಇಳಿಯದಿದ್ದರೆ ಸಾಕು, ‘ಅಲ್ಲೆ ವಿರುಪಾಕ್ಷಿ ಅದಾನಲ್ಲ, ಚಲೋ ನೋಡ್ಕೋತಾನ’ ಎಂದು ವ್ಯಾನಿಗೆ ಹೇಳುತ್ತಾರೆ. ಅವನ ಒಳ್ಳೆಯತನ ಅವರಿಗೆ ಅನುಕೂಲವಾಯಿತು.

ಮೊನ್ನೆ ಭಾನುವಾರ ಚರ್ಚ್ ಮುಗಿಸಿ ಸ್ಕೂಟಿಯ ಮೇಲೆ ಅಲ್ಲಿಗೆ ಹೋಗಿದ್ದೆ. ಪಡಸಾಲೆಯಲ್ಲಿ ಒಬ್ಬಾಕೆ ಗೋಡೆಗೆ ಒರಗಿ ಕೂತು ರೊಟ್ಟಿ ಮುರಿದು ತಿನ್ನುತ್ತಿದ್ದಳು. ಬಳೆಗಾರ ಪಾರವ್ವ. ನನ್ನ ವಾರ್ಡಿನಿಂದಲೇ ಹೋದವಳು, ಇನ್ನು ಆಗುವುದಿಲ್ಲ ಎಂದು. ಮೈಯ ಬಾವು ಇಳಿದು ಮುಖ ಮುಖದ ಹಾಗಾಗಿತ್ತು.

‘ಎದ್ದು ಕುಂತು ಬಹಳ ದಿನ ಆತು ಅಕ್ಕಾ,’ ಎಂದ ವಿರುಪಾಕ್ಷಿ. ‘ಮಕ್ಕಳಿಗೆ ಹೇಳಿ ಕಳಿಸಿದೆ. ಬರಲಿಲ್ಲ. ಅವ್ವನ ದಿನಕರ್ಮ ಮಾಡಿ ಮುಗಿಸೀವಿ, ಮಂದಿ ಉಂಡು ಹೋಗ್ಯಾರ, ಈಗ ಹ್ಯಾಂಗ ಕರ್ಕೊಂಡು ಬರೂದು ಅಂದ್ರಂತ.’

ಪಾರವ್ವ ನಕ್ಕಳು. ‘ನನ್ನ ದಿನದ ಹುಗ್ಗಿ ನನಗ ಒಂದು ತುತ್ತು ಕಳಸಲಿಲ್ಲ ನೋಡ್ರಿ ಸಿಸ್ಟರ್.’

ನನಗೆ ತಡೆಯಲಾಗಲಿಲ್ಲ. ‘ನಡಿ ಪಾರವ್ವ, ನನ್ನ ಮನಿಗೆ ಬಾ’ ಎಂದು ಅವಳನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡೆ. ವಿರುಪಾಕ್ಷಿ ಅವಳ ಸೀರೆಯ ಸೆರಗು ಗಾಲಿಗೆ ಸಿಗದ ಹಾಗೆ ಸಿಕ್ಕಿಸಿದ. ನಾಕಾದಲ್ಲಿ ಕಾವಲುಗಾರ ಕೋಲು ಅಡ್ಡ ಹಾಕಿದ.

‘ಹೊರಗ ಹೋದೋರನ್ನ ತಿರುಗಿ ಒಳಗ ಬಿಡೂಹಂಗಿಲ್ರಿ ಸಿಸ್ಟರ್. ಒಳಗ ಹೋಗಿ ಸತ್ರ ಯಾರು ಜವಾಬ್ದಾರಿ?’

‘ಆರಾಮಾಗ್ಯಾಳ, ಕಣ್ಣಿಲೆ ನೋಡು. ಸಾಯೂದಿಲ್ಲ ಈಕಿ.’

‘ಎಂದರ ಒಂದಿನ ಸಾಯೂಕೀನ ಅಲ್ಲೇನ್ರಿ?’

‘ಮತ್ತ ನೀ ಸಾಯೂದಿಲ್ಲೇನೋ? ಒಳಗ ಇದ್ದೋರೆಲ್ಲಾ ಸಾಯೂದಿಲ್ಲೇನು?’

ಅವನಿಗೆ ನನ್ನ ಸಿಟ್ಟು ಅರ್ಥವಾಗಲಿಲ್ಲ. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡು ಹಲ್ಲು ಬಿಟ್ಟ. ‘ಈಗ ಊರಾಗ ಯಾರ ಸಾಯ್ತಾರ ತಗೀರಿ ಸಿಸ್ಟರ್’ ಎಂದ.

ನಾನು ಇನ್ನೂ ವಾದಿಸುತ್ತಿದ್ದೆ. ಹಿಂದೆ ಗಾಡಿ ಹಗುರಾಯಿತು. ಪಾರವ್ವ ತಾನೇ ಇಳಿದಿದ್ದಳು. ‘ನಿಮ್ಮ ಡ್ಯೂಟಿಗೆ ಹೊತ್ತಾಕ್ಕೈತಿ, ಹೋಗ್ರಿ’ ಎಂದು ನನ್ನ ಬೆನ್ನು ತಟ್ಟಿ, ಬಂದ ದಾರಿಯಲ್ಲೇ, ಯಾರ ಕೈಯನ್ನೂ ಹಿಡಿಯದೆ, ಗಟ್ಟಿ ಹೆಜ್ಜೆ ಹಾಕುತ್ತ ನಡೆದು ಹೋದಳು.